ಕೊಹ್ಲಿ–ರೋಹಿತ್ ಮನಸ್ತಾಪದಿಂದಲೇ ಭಾರತ ತಂಡದ ನಾಯಕತ್ವ ಬದಲಾಯಿತಾ?

ನನಗೆ ಹಾಗೆ ಅನ್ನಿಸುವುದಿಲ್ಲ. ಗುಸುಗುಸು ಜೋರಾಗಿದ್ದು 2019ರ ವಿಶ್ವಕಪ್ ಸೆಮಿಫೈನಲ್ ಸೋಲಿನ ನಂತರ. ವೆಸ್ಟ್ ಇಂಡೀಸ್‌ಗೆ ಹೊರಡುವ ಮೊದಲು ಕೊಹ್ಲಿ ಅದನ್ನು ನೇರವಾಗಿ ಅಲ್ಲಗಳೆದರು.

ನಿಜವಾದ ಗೊಂದಲ ಇದ್ದದ್ದು ನಾಯಕ ಕೊಹ್ಲಿ ಮತ್ತು ಕ್ರಿಕೆಟ್ ಮಂಡಳಿಯ (ಬಿಸಿಸಿಐ) ನಡುವೆ. 2021ರ ಸೆಪ್ಟೆಂಬರ್‌ನಲ್ಲಿ ಕೊಹ್ಲಿ ಟಿ20 ನಾಯಕತ್ವ ಬಿಡುವುದಾಗಿ ಹೇಳಿದರು. ಡಿಸೆಂಬರ್‌ನಲ್ಲಿ ಏಕದಿನ ತಂಡವೂ ರೋಹಿತ್ ಕೈಗೆ ಹೋಯಿತು. ಬಿಳಿ ಚೆಂಡಿನ ಆಟಕ್ಕೆ, ಅಂದರೆ ಏಕದಿನ ಮತ್ತು ಟಿ20ಗೆ, ಇಬ್ಬರು ನಾಯಕರು ಬೇಡ ಎಂಬುದು ಮಂಡಳಿಯ ವಾದ. ಅದರಲ್ಲಿ ಅರ್ಥವಿದೆ. ಆದರೆ ಆಯ್ಕೆ ಸಭೆಗೆ ಒಂದೂವರೆ ಗಂಟೆ ಮುಂಚೆ ಮಾತ್ರ ತನಗೆ ಫೋನ್ ಬಂತು ಎಂದು ಕೊಹ್ಲಿ ಪತ್ರಿಕಾಗೋಷ್ಠಿಯಲ್ಲಿ ಹೇಳಿದರು. ಟಿ20 ನಾಯಕತ್ವ ಬಿಡಬೇಡಿ ಎಂದು ಕೇಳಿಕೊಂಡಿದ್ದೆವು ಅಂತ ಮಂಡಳಿ ಅಧ್ಯಕ್ಷ ಗಂಗೂಲಿ ಹೇಳಿದ್ದರು, ಕೊಹ್ಲಿ ಅದನ್ನೂ ಒಪ್ಪಲಿಲ್ಲ. ಇಷ್ಟು ವರ್ಷ ತಂಡ ನಡೆಸಿದವರಿಗೆ ಮೊದಲೇ ಕೂರಿಸಿ ಹೇಳಬೇಕಿತ್ತು, ಅಲ್ವಾ? ಅದೇ ಪತ್ರಿಕಾಗೋಷ್ಠಿಯಲ್ಲಿ ಕೊಹ್ಲಿ, ರೋಹಿತ್ ಜೊತೆ ಯಾವ ಸಮಸ್ಯೆಯೂ ಇಲ್ಲ, ಇದನ್ನು ಹೇಳಿ ಹೇಳಿ ಸಾಕಾಗಿದೆ ಎಂದರು. 2022ರ ಜನವರಿಯಲ್ಲಿ ಟೆಸ್ಟ್ ನಾಯಕತ್ವವನ್ನೂ ಬಿಟ್ಟರು.

ಇಬ್ಬರೂ ಆಪ್ತ ಸ್ನೇಹಿತರಾಗಿರಲೇಬೇಕು ಅಂತೇನಿಲ್ಲ. ನಾಯಕನ ಮಾತಿಗೆ ಹಿರಿಯ ಆಟಗಾರ ಮೈದಾನದಲ್ಲಿ ಬೆಲೆ ಕೊಡುತ್ತಾನಾ ಎಂಬುದು ಮುಖ್ಯ. ಕೊಹ್ಲಿ ಕೊಟ್ಟರು. 2024ರ ಟಿ20 ವಿಶ್ವಕಪ್‌ನಲ್ಲಿ ಕೊಹ್ಲಿಗೆ ರನ್ ಬರುತ್ತಿರಲಿಲ್ಲ, ಆದರೂ ನಾಯಕ ರೋಹಿತ್ ಕೊಹ್ಲಿಯನ್ನು ಕೈಬಿಡಲಿಲ್ಲ. ಫೈನಲ್‌ನಲ್ಲಿ ಕೊಹ್ಲಿ 76 ರನ್ ಹೊಡೆದು ಪಂದ್ಯಶ್ರೇಷ್ಠರಾದರು.