ಯುದ್ಧ ಕಂಡು ಬಂದ ಗಂಡ ಡಾಕ್ಟರ್ ಬೇಡ ಅಂದರೆ ನಾನೇನು ಮಾಡಲಿ?

ಯಜಮಾನರು ಕಾರ್ಗಿಲ್‌ನಲ್ಲಿದ್ದವರು, ಪೆನ್ಶನ್ ಬಂದ ಮೇಲೆ ಪುಣೆಯಲ್ಲಿದ್ದೇವೆ, ರಾತ್ರಿ ಬೆಚ್ಚಿ ಏಳುತ್ತಾರೆ, ಡಾಕ್ಟರ್ ಅಂದರೆ ರೇಗುತ್ತಾರೆ ಅಂತ ಬರೆದಿದ್ದೀರಿ. ನನ್ನ ಮನೆಯವರೂ ಫೌಜಿನಲ್ಲಿದ್ದವರು. ನಾವು ಬೆಳಗಾವಿ ಕಡೆಯವರು, ಈಗ ಇರುವುದು ಪುಣೆಯ ಖಡಕಿಯಲ್ಲಿ.

ಅವರು ಒಪ್ಪಲಿ ಅಂತ ಕಾಯಬೇಡಿ. ಮೊದಲು ನೀವು ಹೋಗಿ.

"ನನಗೇನು ಹುಚ್ಚಾ?" ಅನ್ನುವ ಮಾತು ನಮ್ಮ ಮನೆಯಲ್ಲೂ ಎಷ್ಟೋ ಸಲ ಬಂದಿದೆ. ಅವರು ಒಪ್ಪುವಷ್ಟರಲ್ಲಿ ಸವೆಯುವವರು ಹೆಂಡತಿ ಮಕ್ಕಳು. ಕುಕ್ಕರ್ ಸೀಟಿ ಹೊಡೆಯುವ ಮೊದಲೇ ಗ್ಯಾಸ್ ಆರಿಸುವುದು ನನಗೆ ಅಭ್ಯಾಸವಾಗಿತ್ತು. ಗಣಪತಿ ವಿಸರ್ಜನೆ ದಿನ ಪಟಾಕಿಗೆ ಹೆದರಿ ಕಿಟಕಿ ಮುಚ್ಚಿ ಕೂರುತ್ತಿದ್ದೆವು. ಹೀಗೆ ವರ್ಷಗಟ್ಟಲೆ ನಡೆದರೆ ನಿಮ್ಮ ನಿದ್ದೆಯೂ ಹೋಗುತ್ತೆ. ಮಕ್ಕಳು ಅಪ್ಪನ ಮುಖ ನೋಡಿ ಬಾಯಿ ಬಿಡುವುದನ್ನು ಕಲಿಯುತ್ತವೆ. ಇದಕ್ಕೂ ಚಿಕಿತ್ಸೆ ಬೇಕು, ಅಲ್ವಾ?

ಇಸಿಎಚ್‌ಎಸ್, ಅಂದರೆ ನಿವೃತ್ತ ಸೈನಿಕರ ಆರೋಗ್ಯ ಯೋಜನೆ, ಯಜಮಾನರಿಗೆ ಮಾತ್ರ ಇರುವುದಲ್ಲ, ಹೆಂಡತಿಗೂ ಇದೆ. ನಿಮ್ಮ ಕಾರ್ಡ್ ಹಿಡಿದು ಅದರ ಪಾಲಿಕ್ಲಿನಿಕ್‌ಗೆ ನೀವೊಬ್ಬರೇ ಹೋಗಬಹುದು. "ನನಗೆ ನಿದ್ದೆ ಬರ್ತಿಲ್ಲ, ಎದೆ ಹೊಡೆದುಕೊಳ್ಳುತ್ತೆ" ಅಂತ ನಿಮ್ಮ ಕಷ್ಟವನ್ನೇ ಹೇಳಿ, ಮನೋವೈದ್ಯರಿಗೆ ರೆಫರಲ್ ಕೇಳಿ. ಅಷ್ಟು ದೂರ ಹೋಗಲು ಧೈರ್ಯ ಬರದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡವನ್ನೂ ಆರಿಸಿಕೊಳ್ಳಬಹುದು. ಸೈನಿಕರಿಗೂ ಅವರ ಕುಟುಂಬಕ್ಕೂ ಅಂತಲೇ 2023ರ ಡಿಸೆಂಬರ್‌ನಲ್ಲಿ ನಮ್ಮ ಪುಣೆಯ ಸೇನಾ ವೈದ್ಯಕೀಯ ಕಾಲೇಜು ಎಎಫ್‌ಎಂಸಿಯಲ್ಲಿ ಇದರ ಪ್ರತ್ಯೇಕ ಘಟಕ ಶುರುವಾಯಿತು. ಹೆಂಡತಿ ಹೋಗಿ ಬರುವುದನ್ನು ನೋಡಿ ಗಂಡ ತಾನೂ ಹೊರಡುವುದುಂಟು. ನಮ್ಮಲ್ಲಿ ಹಾಗೇ ಆಯಿತು, ಆದರೆ ತುಂಬಾ ತಡವಾಗಿ.

ರಾತ್ರಿ ಅವರು ಕೂಗಿಕೊಂಡಾಗ ಭುಜ ಹಿಡಿದು ಅಲ್ಲಾಡಿಸಬೇಡಿ. ಆ ಗಳಿಗೆಯಲ್ಲಿ ಅವರಿಗೆ ನೀವು ಯಾರು ಅಂತ ಗೊತ್ತಿರಲ್ಲ, ಕೈ ಎತ್ತಿಬಿಡಬಹುದು. ದೂರ ನಿಂತು ದೀಪ ಹಾಕಿ, ಮೆತ್ತಗೆ ಮಾತಾಡಿಸಿ. ಮನೆಯಲ್ಲಿದ್ದೀರಿ, ಪುಣೆಯಲ್ಲಿದ್ದೀರಿ ಅಂತ ಹೇಳಿ. ಏನು ಕನಸು ಬಿತ್ತು ಅಂತ ಆಗಲೇ ಕೆದಕಬೇಡಿ. ಮಕ್ಕಳಿಗೂ ಇದನ್ನು ಹೇಳಿಕೊಡಿ. ಅಪ್ಪನ ಸಿಟ್ಟಿಗೆ ತಾವೇ ಕಾರಣ ಅಂದುಕೊಂಡಿರುತ್ತವೆ, ಪಾಪ. ಹಾಗಲ್ಲ ಅಂತ ಬಾಯಿಬಿಟ್ಟೇ ಹೇಳಬೇಕು.

ಸಾಯುವ ಮಾತಾಡಿದರೆ, ಇಲ್ಲಾ ಕುಡಿದು ಹೊಡೆಯಲು ಬಂದರೆ, ಬೆಳಗಾಗಲಿ ಅಂತ ಸುಮ್ನೆ ಕೂರಬೇಡಿ. ಪಕ್ಕದ ಮನೆಯವರನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ. ತುರ್ತು ಇದ್ದಾಗ ಪಾಲಿಕ್ಲಿನಿಕ್‌ನ ರೆಫರಲ್ ಬೇಕಿಲ್ಲ. ಇಸಿಎಚ್‌ಎಸ್ ಪಟ್ಟಿಯಲ್ಲಿರುವ ಆಸ್ಪತ್ರೆಗೆ ನೇರ ಕರೆದುಕೊಂಡು ಹೋಗಬಹುದು. ಹತ್ತಿರ ಯಾವುದಿದೆ ಅಂತ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.