ಗ್ಲಾನ್ಸ್, ಗ್ಲಿಂಪ್ಸ್, ಗ್ಲೇರ್ ಕಲಸಿಹೋಗುತ್ತಿವೆ ಎಂದವರಿಗೆ

ನಮಸ್ಕಾರ ಮೇಡಂ. ದಿನಕ್ಕೆ 20 ಇಂಗ್ಲಿಷ್ ಪದಗಳಂತೆ ಬಾಯಿಪಾಠ ಮಾಡುತ್ತಿದ್ದೀರಿ, ಜಿ ಅಕ್ಷರಕ್ಕೆ ಬಂದ ಮೇಲೆ ಗ್ಲೀಮ್, ಗ್ಲೇರ್, ಗ್ಲಾನ್ಸ್, ಗ್ಲಿಂಪ್ಸ್ ಎಲ್ಲ ಒಂದರೊಳಗೊಂದು ಸೇರಿಹೋಗುತ್ತಿವೆ, ಹೀಗೆ ಒಂದೇ ಅಕ್ಷರಗಳಿಂದ ಶುರುವಾಗುವ ಪದಗಳನ್ನು ಒಟ್ಟಿಗೆ ಕಲಿಯುವುದೇ ತಪ್ಪೇನೋ ಎಂದು ಕೇಳಿದ್ದೀರಿ. ಖಂಡಿತ ತಪ್ಪಲ್ಲ. ನೀವು ಹಾಕಿದ ಫೋಟೊದಲ್ಲಿ ನಿಮ್ಮ ಪುಸ್ತಕದ ಪುಟ ನೋಡಿದೆ. ಐದು ಪದಗಳ ಮುಂದೆ "ಹೊಳೆ" ಎಂದಿದೆ, ಮೂರರ ಮುಂದೆ "ನೋಡು" ಎಂದಿದೆ. ತೊಂದರೆ ಇರುವುದು ಅಲ್ಲಿ.

ಕನ್ನಡದಲ್ಲೇ ನೋಡಿ. ಮಿಂಚು, ಮಿನುಗು, ಮಿಣುಕು, ಮಿರುಗು: ನಾಲ್ಕೂ "ಮಿ"ಯಿಂದ ಶುರು, ನಾಲ್ಕೂ ಬೆಳಕಿನ ಮಾತು. ಆದರೂ ನಕ್ಷತ್ರ ಮಿನುಗುತ್ತದೆ ಎನ್ನುತ್ತೇವೆ, ಆರುವ ದೀಪ ಮಿಣುಕುತ್ತದೆ ಎನ್ನುತ್ತೇವೆ. ಯಾರೂ ಅದಲುಬದಲು ಮಾಡುವುದಿಲ್ಲ. ಯಾಕೆಂದರೆ ಒಂದೊಂದು ಪದದ ಜೊತೆಗೂ ಒಂದೊಂದು ವಸ್ತು ನಮ್ಮ ಕಣ್ಣಲ್ಲಿ ಕೂತಿದೆ. ಇಂಗ್ಲಿಷಿನ ಜಿ-ಎಲ್ ಪದಗಳೂ ಹೀಗೆಯೇ ಬೆಳಕಿನ ಒಂದು ಮನೆತನ. ಅರ್ಥದ ಜಾಗದಲ್ಲಿ ಆ ವಸ್ತುವನ್ನೇ ಬರೆದುಕೊಳ್ಳಿ.

ಗ್ಲೋ ಎಂದರೆ ಕೆಂಡ. ಜ್ವಾಲೆಯಿಲ್ಲದೆ ಒಳಗಿನಿಂದಲೇ ಬರುವ ಬೆಳಕು. ಗ್ಲಿಸನ್ ಎಂದರೆ ಬೆವರಿದ ಹಣೆ, ಇಬ್ಬನಿ ಕೂತ ಎಲೆ. ಒದ್ದೆಯಾದದ್ದರ ಹೊಳಪು ಅದು (ಬರೆಯುವಾಗ ಮಧ್ಯೆ ಟಿ ಇದೆ, ಓದುವಾಗ ಇಲ್ಲ). ಗ್ಲೀಮ್ ಎಂದರೆ ಉಜ್ಜಿ ತೊಳೆದ ಪಾತ್ರೆಯ ನಯವಾದ ಹೊಳಪು. ಗ್ಲಿಟರ್ ಚೂರುಚೂರಾಗಿ ಥಳಥಳಿಸುವುದು. ಗ್ಲಿಂಟ್‌ಗೆ ನಾನು ಕತ್ತಿಯ ಅಲಗು ಎಂದು ಬರೆದುಕೊಂಡಿದ್ದೇನೆ: ತಿರುಗಿಸಿದಾಗ ಒಂದು ಕ್ಷಣ ಫಳಕ್ ಎಂದು ಮಾಯ. ಗ್ಲಿಮರ್ ದೂರದ ಮಿಣಮಿಣ ದೀಪ, ಹಾಗಾಗಿಯೇ ಅಳಿದುಳಿದ ಆಸೆಗೂ ಅದೇ ಪದ.

ಈಗ ನೋಟದ ಪದಗಳು. ಬೆಳಕಿನ ಮನೆತನದಲ್ಲಿ ಕಣ್ಣಿನ ಪದಗಳು ಬಂದು ಸೇರಿರುವುದು ಸಹಜವೇ. ಗ್ಲೇರ್ ಇವೆರಡರ ನಡುವಿನ ಸೇತುವೆ. ಎದುರಿನ ಗಾಡಿಯ ದೀಪ ಕಣ್ಣು ಕುಕ್ಕಿದರೆ ಅದೂ ಗ್ಲೇರ್, ಸಿಟ್ಟಿನಿಂದ ಯಾರಾದರೂ ದುರುಗುಟ್ಟಿ ನೋಡಿದರೆ ಅದೂ ಗ್ಲೇರ್. ಗ್ಲಾನ್ಸ್ ನಾವು ಬೇಕೆಂದೇ ಮಾಡುವ ಕೆಲಸ: ಗಡಿಯಾರದ ಕಡೆಗೊಮ್ಮೆ ಕಣ್ಣು ಹಾಯಿಸುವುದು. ಗ್ಲಿಂಪ್ಸ್ ಹಾಗಲ್ಲ, ಅದು ಕಣ್ಣಿಗೆ ತಾನಾಗಿ ಬೀಳುವುದು: ಓಡುವ ರೈಲಿನ ಕಿಟಕಿಯಲ್ಲಿ ಕಂಡೂ ಕಾಣದಂತೆ ಸರಿದುಹೋದ ಮುಖ. ಅದಕ್ಕೇ ಗ್ಲಾನ್ಸ್ ಜೊತೆ "ಟೇಕ್" ಬರುತ್ತದೆ, ಗ್ಲಿಂಪ್ಸ್ ಜೊತೆ "ಕ್ಯಾಚ್" ಬರುತ್ತದೆ. ಒಂದನ್ನು ನಾವು ಹಾಯಿಸುತ್ತೇವೆ, ಇನ್ನೊಂದು ಸಿಕ್ಕಿದರೆ ಹಿಡಿಯುತ್ತೇವೆ. ಇವೆರಡನ್ನು ನಾನೂ ವರ್ಷಗಟ್ಟಲೆ ತಪ್ಪಾಗಿ ಬಳಸಿದ್ದೇನೆ. ಟೇಕ್, ಕ್ಯಾಚ್ ಗಮನಿಸಿದ ದಿನದಿಂದ ತಪ್ಪಿಲ್ಲ.

ಗ್ಲ್ಯಾಡ್ ಈ ಪುಟಕ್ಕೆ ಸೇರದು ಎಂದು ನೀವು ಹೊಡೆದುಹಾಕಿದ್ದೀರಿ. ದಯವಿಟ್ಟು ಮತ್ತೆ ಸೇರಿಸಿಕೊಳ್ಳಿ! ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಹೊಳೆಯುವ ಎಂಬ ಅರ್ಥವೂ ಇತ್ತು. ಖುಷಿಯಾದವರ ಮುಖ ಬೆಳಗುತ್ತದೆ ಎಂದು ನಾವೂ ಹೇಳುತ್ತೇವಲ್ಲ. ಆದರೆ ಗ್ಲೂ, ಗ್ಲೋಬ್, ಗ್ಲವ್ ಬೇರೆ ಕಡೆಯಿಂದ ಬಂದವು, ಅವನ್ನು ಎಳೆದು ತಂದು ಕೂರಿಸಬೇಡಿ.

ಇನ್ನು ನನಗೆ ಎಲ್ಲಕ್ಕಿಂತ ಪ್ರಿಯವಾದ ಜೋಡಿ, ಡಬ್ಲ್ಯೂ-ಆರ್. ಒಂದು ಒದ್ದೆ ಬಟ್ಟೆ ಕೈಗೆ ತೆಗೆದುಕೊಳ್ಳಿ. ಎರಡೂ ತುದಿ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ ಹಿಂಡಿ. ಹಿಂಡುವುದು ರಿಂಗ್. ಹಿಂಡುವಾಗ ತಿರುಗಿದ ಮಣಿಕಟ್ಟು ರಿಸ್ಟ್. ಹಿಂಡಿ ಬಿಟ್ಟ ಬಟ್ಟೆಯ ಮೇಲಿನ ಸುಕ್ಕು ರಿಂಕಲ್. ಒಂದೇ ಕೆಲಸದಲ್ಲಿ ಮೂರು ಪದ, ಮೂರಕ್ಕೂ ಮುಂದೆ ಡಬ್ಲ್ಯೂ. ಇದೇ ಸಾಲಿನಲ್ಲಿ ಎರೆಹುಳದ ಹಾಗೆ ನುಲಿದಾಡುವುದು ರಿಗಲ್, ನೋವು ತಾಳದೆ ಹೊರಳಾಡುವುದು ರೈದ್, ತಿರುಚಿ ಕೀಳುವುದು ರೆಂಚ್, ಬಳ್ಳಿಯನ್ನು ಬಳೆಯಂತೆ ಹೆಣೆದ ಹಾರ ರೀತ್, ಸೊಟ್ಟ ಮಾಡಿದ ಮುಖ ರೈ. ರಾಂಗ್ ಎಂಬ ಪದದ ಮೂಲ ಅರ್ಥವೂ ಸೊಟ್ಟ ಎಂದೇ. ನಾವು ವಕ್ರಬುದ್ಧಿ ಎನ್ನುವುದಿಲ್ಲವೇ, ಹಾಗೆ.

ಇದರಿಂದ ಕಾಗುಣಿತಕ್ಕೂ ದೊಡ್ಡ ಸಹಾಯ. ಒಂದು ಕಾಲದಲ್ಲಿ ಈ ಡಬ್ಲ್ಯೂವನ್ನು ಉಚ್ಚರಿಸುತ್ತಿದ್ದರು. ನಾಲಿಗೆ ಕೈಬಿಟ್ಟರೂ ಬರವಣಿಗೆ ಬಿಟ್ಟಿಲ್ಲ. ಹಾಗಾಗಿ ಉಂಗುರವೂ ರಿಂಗ್, ಹಿಂಡುವುದೂ ರಿಂಗ್. ಕಿವಿಗೆ ವ್ಯತ್ಯಾಸ ಸಿಗುವುದಿಲ್ಲ. ತಿರುಚುವ, ಸುತ್ತುವ ಅರ್ಥ ಇದ್ದರೆ ಡಬ್ಲ್ಯೂ ಹಾಕಿ, ಬಹುಪಾಲು ಸರಿಯಾಗುತ್ತದೆ. ಬರೆಯುವುದು ಎಂಬ ರೈಟ್ ಇದಕ್ಕೆ ಹೊರತು. ಅಲ್ಲಿ ಡಬ್ಲ್ಯೂ ಇದೆ, ತಿರುಚುವುದಿಲ್ಲ. ಅದರ ಹಳೆಯ ಅರ್ಥ ಗೀರುವುದು, ಕೆತ್ತುವುದು.

ಇದು ನನ್ನ ಸ್ವಂತ ಕಲ್ಪನೆ ಎಂದುಕೊಳ್ಳಬೇಡಿ. ಜಾನ್ ವಾಲಿಸ್ ಎಂಬ ಗಣಿತಜ್ಞ 1653ರಲ್ಲಿ ಪ್ರಕಟಿಸಿದ ಇಂಗ್ಲಿಷ್ ವ್ಯಾಕರಣದಲ್ಲೇ ಡಬ್ಲ್ಯೂ-ಆರ್ ಪದಗಳಲ್ಲಿ ತಿರುಚುವ ಅರ್ಥವಿದೆ ಎಂದು ಗುರುತಿಸಿದ್ದ. ಅನಂತಕ್ಕೆ ನಾವು ಬಳಸುವ ಮಲಗಿದ ಎಂಟರಂಥ ಚಿಹ್ನೆಯನ್ನು ಬಳಕೆಗೆ ತಂದವನೂ ಅವನೇ. ಇಂಥ ಅಕ್ಷರಜೋಡಿಗಳಿಗೆ ಫೋನೆಸ್ತೀಮ್ ಎಂದು ಹೆಸರು ಕೊಟ್ಟವರು ಭಾಷಾವಿಜ್ಞಾನಿ ಜೆ. ಆರ್. ಫರ್ತ್, 1930ರಲ್ಲಿ.

ಎಸ್-ಎನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಮೂಗು ನೆನಪಿದ್ದರೆ ಸಾಕು. ಸ್ನೀಜ್ ಸೀನು, ಸ್ನೋರ್ ಗೊರಕೆ, ಸ್ನಿಫ್ ಮೂಸುವುದು, ಸ್ನಾಟ್ ಸಿಂಬಳ, ಸ್ನೌಟ್ ಹಂದಿಯ ಮೂತಿ. ನೆಗಡಿಯಾದ ಮಗು ಸೊರ್ ಸೊರ್ ಎಂದು ಎಳೆದುಕೊಳ್ಳುತ್ತದಲ್ಲ, ಅದು ಸ್ನಿಫಲ್. ಸ್ನಿಯರ್‌ಗೆ ನಿಘಂಟು "ತಿರಸ್ಕಾರದಿಂದ ನಗು" ಎನ್ನುತ್ತದೆ. ನೀವು "ಮೂಗು ಮುರಿ" ಎಂದು ಬರೆದುಕೊಳ್ಳಿ, ಅಕ್ಷರವೂ ಅರ್ಥವೂ ಒಟ್ಟಿಗೆ ಉಳಿಯುತ್ತವೆ. ಸೀನಿನ ಪದ ಹಿಂದೆ ಎಫ್-ಎನ್‌ನಿಂದ ಶುರುವಾಗುತ್ತಿತ್ತು, ಆಮೇಲೆ ಎಸ್-ಎನ್‌ಗೆ ಬಂತು. ಹಾವು, ಹಿಮ, ಬಸವನಹುಳಕ್ಕೂ ಎಸ್-ಎನ್ ಇದೆ, ಅವಕ್ಕೂ ಮೂಗಿಗೂ ಸಂಬಂಧವಿಲ್ಲ. ಈ ಜೋಡಿಗಳು ನೆನಪಿಗೆ ಕೊಂಡಿಯಷ್ಟೇ. ಪರೀಕ್ಷೆಯಲ್ಲಿ ಗೊತ್ತಿಲ್ಲದ ಪದ ಕಂಡಾಗ ಇದನ್ನೇ ನಂಬಿ ಅರ್ಥ ಊಹಿಸಲು ಹೋಗಬೇಡಿ.

ನಾನು ಮಾಡುವ ಕ್ರಮ ಹೇಳುತ್ತೇನೆ. ಒಂದು ಜೋಡಿಗೆ ಒಂದು ಪುಟ. ಮಧ್ಯದಲ್ಲಿ ಎರಡು ಅಕ್ಷರ, ಸುತ್ತ ಪದಗಳು, ಪ್ರತಿ ಪದದ ಕೆಳಗೆ ಒಂದೇ ಒಂದು ವಸ್ತು: ಕೆಂಡ, ಬೆವರು, ಅಲಗು. ಸೇರದ ಪದಗಳನ್ನು ಪುಟದ ಅಂಚಿನಲ್ಲಿ ಬೇರೆ ಬಣ್ಣದಲ್ಲಿ. ಮರುದಿನ ಪದಗಳನ್ನು ಕಾಗದದಿಂದ ಮುಚ್ಚಿ ವಸ್ತುವನ್ನಷ್ಟೇ ನೋಡಿ ಪದ ಹೇಳಬೇಕು. ತಡವರಿಸಿದ ಪದಕ್ಕೆ ಚುಕ್ಕಿ. ಮೂರು ಚುಕ್ಕಿ ಬಿದ್ದರೆ ಪದವನ್ನು ಬೈಯಬೇಡಿ, ವಸ್ತುವನ್ನು ಬದಲಾಯಿಸಿ. ಅದು ನಿಮ್ಮ ಕಣ್ಣಿಗೆ ಸರಿಯಾಗಿ ಕೂತಿಲ್ಲ ಅಷ್ಟೇ. ದಿನಕ್ಕೆ 20 ಬೇಡ, 6 ಸಾಕು.

ಮೊದಲು ಜಿ-ಎಲ್ ಪುಟವನ್ನೇ ಹೊಸದಾಗಿ ಬರೆಯಿರಿ. ಬರೆದ ಮೇಲೆ ಫೋಟೊ ಹಾಕಿ, ಗ್ಲಿಮರ್‌ಗೆ ನೀವು ಯಾವ ವಸ್ತು ಇಟ್ಟಿರಿ ಎಂದು ನೋಡಬೇಕು ನನಗೆ.