ಜ್ಯೂರಿಯಲ್ಲಿ ಕುಳಿತವರು ಕಣ್ಣಾರೆ ಕಂಡವರ ಮಾತನ್ನು ತೂಗುವ ಬಗೆ

ನ್ಯೂಜೆರ್ಸಿಗೆ ಬಂದ ಹೊಸದರಲ್ಲೇ ಜ್ಯೂರಿ (ಮೊಕದ್ದಮೆಯ ಸಾಕ್ಷ್ಯ ಕೇಳಿ ತೀರ್ಮಾನ ಹೇಳುವ ಸಾಮಾನ್ಯ ಜನರ ತಂಡ) ಸೇವೆಯ ಕರೆ ಬಂದಿದೆ, ಹೋಗಲೇಬೇಕೆ, ಹೋದರೆ ‘ಇವನೇ ಆ ಮನುಷ್ಯ’ ಎಂದು ಸಾಕ್ಷಿ ಬೆರಳು ತೋರಿಸಿದಾಗ ಎಷ್ಟು ನಂಬಬೇಕು ಎಂದು ಕೇಳಿದ್ದೀರಿ. ಮೊದಲನೆಯದಕ್ಕೆ ಉತ್ತರ ಸುಲಭ. ಅಮೆರಿಕದ ಪೌರತ್ವ ಇಲ್ಲದವರು ಜ್ಯೂರಿಯಲ್ಲಿ ಕೂರುವಂತಿಲ್ಲ. ಆದರೆ ಪತ್ರವನ್ನು ಕಡೆಗಣಿಸದೆ, ಪೌರರಲ್ಲವೆಂದು ಪ್ರಶ್ನಾವಳಿಯಲ್ಲಿ ನಮೂದಿಸಿ ಉತ್ತರಿಸಬೇಕು. ಎರಡನೆಯದು ಪೌರತ್ವ ಪಡೆದ ಮೇಲೆ ನಿಮಗೂ ಎದುರಾಗಬಹುದಾದ್ದರಿಂದ ವಿವರವಾಗಿ ಬರೆಯುತ್ತೇನೆ.

ಭಾರತದಲ್ಲಿ ಶಂಕಿತನನ್ನು ಇತರರೊಂದಿಗೆ ಸಾಲಿನಲ್ಲಿ ನಿಲ್ಲಿಸಿ ಸಾಕ್ಷಿಯಿಂದ ಗುರುತಿಸುವ ‘ಗುರುತು ಪತ್ತೆ ಪರೇಡ’ನ್ನು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರು ನಡೆಸುತ್ತಾರೆ, ಸಾಕ್ಷ್ಯವನ್ನು ನ್ಯಾಯಾಧೀಶರು ತೂಗುತ್ತಾರೆ. ಇಲ್ಲಿ ಬಹುಪಾಲು ಪೊಲೀಸರೇ ಸಾಕ್ಷಿಗೆ ಫೋಟೊಗಳನ್ನು ತೋರಿಸುತ್ತಾರೆ, ಅದನ್ನು ತೂಗುವವರು ನಮ್ಮಂಥ 12 ಮಂದಿ ಸಾಮಾನ್ಯರು.

ತಪ್ಪಾಗಿ ಗುರುತಿಸುವ ಸಾಕ್ಷಿ ಸಾಮಾನ್ಯವಾಗಿ ಸುಳ್ಳುಗಾರನಲ್ಲ, ತೊಡಕಿರುವುದೇ ಅಲ್ಲಿ. ಸುಳ್ಳು ಹೇಳುವವನನ್ನು ಪಾಟೀಸವಾಲಿನಲ್ಲಿ ಹಿಡಿಯಬಹುದು. ಪ್ರಾಮಾಣಿಕವಾಗಿ ತಪ್ಪು ನಂಬಿದವರ ದನಿ ನಡುಗುವುದಿಲ್ಲ. 1984ರಲ್ಲಿ ಉತ್ತರ ಕ್ಯಾರೊಲಿನಾದ ಬರ್ಲಿಂಗ್‌ಟನ್‌ನಲ್ಲಿ ಅತ್ಯಾಚಾರಕ್ಕೊಳಗಾದ ವಿದ್ಯಾರ್ಥಿನಿ, ಮುಂದೆ ಗುರುತಿಸಲೇಬೇಕೆಂದು ಆ ಹೊತ್ತಿನಲ್ಲೂ ಅತ್ಯಾಚಾರಿಯ ಮುಖವನ್ನು ಗಮನವಿಟ್ಟು ನೋಡಿಕೊಂಡಿದ್ದರು. ಅವರು ಫೋಟೊಗಳಲ್ಲಿ ರೊನಾಲ್ಡ್ ಕಾಟನ್‌ನನ್ನು ಆರಿಸಿದರು, ಬಳಿಕ ಸಾಲಿನಲ್ಲಿ ನಿಲ್ಲಿಸಿದಾಗಲೂ ಅವನನ್ನೇ ತೋರಿಸಿದರು. ಎರಡೂ ಬಾರಿ ಒಬ್ಬನನ್ನೇ ಆರಿಸಿದ್ದೀರೆಂದು ಪೊಲೀಸರು ತಿಳಿಸಿದ ಮೇಲೆ ಅವರ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ನಿಜವಾದ ಅಪರಾಧಿಯನ್ನು ನ್ಯಾಯಾಲಯದಲ್ಲಿ ಎದುರಿಗೆ ತಂದಾಗ, ಇವನನ್ನು ನೋಡಿಯೇ ಇಲ್ಲ ಎಂದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಕಾಟನ್‌ನನ್ನು 1995ರಲ್ಲಿ ಡಿಎನ್‌ಎ ಪರೀಕ್ಷೆ ಬಿಡಿಸಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನೇ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 2011ರ ಹೆಂಡರ್ಸನ್ ತೀರ್ಪಿನಲ್ಲಿ ಕಾನೂನಿನ ಭಾಷೆಯಲ್ಲಿ ಹೇಳಿತೆನ್ನಬಹುದು. ಅದರ ಫಲವಾಗಿ 2012ರಿಂದ ಜ್ಯೂರಿಗೆ ಓದಿ ಹೇಳುವ ಸೂಚನೆಗಳು ಬದಲಾದವು: ನೆನಪು ಮತ್ತೆ ಹಾಕಿ ನೋಡಬಹುದಾದ ವಿಡಿಯೊ ಅಲ್ಲ, ಬೆಳಕು, ದೂರ, ಕಂಡ ಅವಧಿ, ಭಯ, ಕಳೆದ ದಿನಗಳು ಎಲ್ಲವನ್ನೂ ಪರಿಗಣಿಸಬೇಕು. ಆಯುಧ ಎದುರಿಗಿದ್ದರೆ ಕಣ್ಣು ಮುಖಕ್ಕಿಂತ ಅದರ ಮೇಲೇ ನೆಡುತ್ತದೆ. ಬೇರೆ ಜನಾಂಗದವರ ಮುಖವನ್ನು ಗುರುತಿಸುವುದರಲ್ಲಿ ಎಡವುವುದು ಹೆಚ್ಚು, ಮತ್ತು ಇದು ನಮ್ಮವರಿಗೂ ಅನ್ವಯಿಸುತ್ತದೆ. ಈ ರಾಜ್ಯದಲ್ಲಿ ಪೆಟ್ರೋಲನ್ನು ನಾವೇ ತುಂಬಿಸಿಕೊಳ್ಳುವಂತಿಲ್ಲ, ಬಂಕುಗಳಲ್ಲಿ ರಾತ್ರಿ ಪಾಳಿಯಲ್ಲಿ ಭಾರತದವರೂ ದುಡಿಯುತ್ತಾರೆ. ದರೋಡೆಗೊಳಗಾದ ಅಂಥವರೊಬ್ಬರು ಸಾಕ್ಷಿ ಹೇಳುವಾಗ ನಮ್ಮವನೆಂಬ ಮರುಕ ತಕ್ಕಡಿಯನ್ನು ಎಳೆಯದಂತೆ ಎಚ್ಚರ ವಹಿಸಬೇಕು.

ಇವೆಲ್ಲಕ್ಕಿಂತ ಹೆಚ್ಚು ತೂಕ ಕೊಡಬೇಕಾದದ್ದು, ನನ್ನ ದೃಷ್ಟಿಯಲ್ಲಿ, ಮೊದಲ ಬಾರಿ ಗುರುತಿಸಿದಾಗ ಸಾಕ್ಷಿ ಆಡಿದ ಮಾತಿಗೆ. ಫೋಟೊ ತೋರಿಸಿದ ಅಧಿಕಾರಿಗೆ ಶಂಕಿತ ಯಾರೆಂದು ಮೊದಲೇ ಗೊತ್ತಿತ್ತೆ, ಅಪರಾಧಿ ಇವರಲ್ಲಿ ಇಲ್ಲದೆಯೂ ಇರಬಹುದೆಂದು ಅವರು ಸಾಕ್ಷಿಗೆ ಹೇಳಿದ್ದರೋ ಇಲ್ಲವೋ, ಆರಿಸಿದ ಮೇಲೆ ಶಹಬಾಸ್ ಎಂದರೋ, ಇವನ್ನು ಗಮನಿಸಿ. ಅಂದು ‘ಇವನಿರಬಹುದು’ ಎಂದವರು ಎರಡು ವರ್ಷಗಳ ನಂತರ ‘ಖಂಡಿತ ಇವನೇ’ ಎಂದರೆ, ಅವರು ಹೊಸದಾಗಿ ಏನನ್ನೂ ಕಂಡಿಲ್ಲವೆಂಬುದನ್ನು ಮರೆಯಬಾರದು. ಹಾಗೆಂದು ಕಂಡವರ ಮಾತೆಲ್ಲ ಪೊಳ್ಳಲ್ಲ. ಪಕ್ಕದ ಮನೆಯವನನ್ನು ಹಗಲಿನಲ್ಲಿ ಗುರುತಿಸುವುದೇ ಬೇರೆ, ಅಪರಿಚಿತನನ್ನು ಕತ್ತಲಲ್ಲಿ ಕ್ಷಣಕಾಲ ಕಾಣುವುದೇ ಬೇರೆ.

ವಿಚಾರಣೆ ಶುರುವಾದ ಮೇಲೆ ಅಂತರ್ಜಾಲದಲ್ಲಿ ಹುಡುಕುವುದು, ಘಟನೆಯ ಸ್ಥಳಕ್ಕೆ ಹೋಗಿ ನೋಡುವುದು ನಿಷಿದ್ಧ. ಸಾಕ್ಷಿಯ ಮಾತು ಸರಿಯಾಗಿ ನೆನಪಿಲ್ಲದಿದ್ದರೆ, ಆ ಭಾಗವನ್ನು ಮತ್ತೆ ಕೇಳಿಸಬೇಕೆಂದು ಚರ್ಚೆಯ ಕೊಠಡಿಯಿಂದಲೇ ನ್ಯಾಯಾಧೀಶರಿಗೆ ಚೀಟಿ ಬರೆದು ಕಳುಹಿಸಬಹುದು.